ಹಳೆಯ ಕಾರಿನ ಡ್ಯಾಶ್‌ಬೋರ್ಡು, ಅದರ ಮೀಟರುಗಳು: ನಾನೇ ಸರಿಪಡಿಸಿದ ಅನುಭವ

ನನ್ನಲ್ಲಿರುವ ಕಾರು 1969ರ ಒಂದು ಬ್ರಿಟಿಷ್ ಸಲೂನ್. ಅದರ ಎಂಜಿನ್ನು, ಬ್ರೇಕು, ತಗಡಿನ ಕೆಲಸ ಎಲ್ಲವೂ ಒಂದು ಹಂತಕ್ಕೆ ಬಂದ ಮೇಲೂ ಡ್ಯಾಶ್‌ಬೋರ್ಡಿನ ಕಡೆಗೆ ನಾನು ಬಹಳ ಕಾಲ ಕೈ ಹಾಕಿರಲಿಲ್ಲ. ಮರದ ಹಲಗೆಯ ಮೇಲಿನ ವಾರ್ನಿಷ್ ಬಿಸಿಲಿಗೆ ಬಿರುಕುಬಿಟ್ಟು ಹಾವಿನ ಪೊರೆಯಂತೆ ಏಳುತ್ತಿತ್ತು, ಸ್ಪೀಡೋಮೀಟರಿನ ಮುಳ್ಳು ನಡುಗುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಮೀಟರು ಅರ್ಧ ಟ್ಯಾಂಕಿಗೇ ಮುಕ್ಕಾಲು ತೋರಿಸುತ್ತಿತ್ತು. ಉಷ್ಣಾಂಶದ ಮೀಟರು ಕೂಡ ಎಂಜಿನ್ನು ತಣ್ಣಗಿದ್ದಾಗಲೇ ಮೇಲೇರಿ ನಿಲ್ಲುತ್ತಿತ್ತು. ಈ ಎರಡು ಮೀಟರುಗಳು ಒಂದೇ ದಿಕ್ಕಿನಲ್ಲಿ ಒಟ್ಟಿಗೆ ಸುಳ್ಳು ಹೇಳುತ್ತಿದ್ದವು ಎಂಬ ಸಂಗತಿಯೇ ದೋಷದ ಗುರುತು ಎಂಬುದು ನನಗೆ ಹೊಳೆದದ್ದು ತಡವಾಗಿ. ಅಷ್ಟರಲ್ಲಿ ನಾನು ಟ್ಯಾಂಕಿನ ಸೆಂಡರನ್ನು, ಅಂದರೆ ಪೆಟ್ರೋಲಿನ ಮಟ್ಟವನ್ನು ಮೀಟರಿಗೆ ತಿಳಿಸುವ ಸಾಧನವನ್ನು, ಎರಡು ಬಾರಿ ಬಿಚ್ಚಿ ನೋಡಿ ಆಗಿತ್ತು.

ಕೆಲಸ ಶುರುಮಾಡಿದ್ದು ಬ್ಯಾಟರಿಯ ತಂತಿ ಕಳಚುವುದರಿಂದ. ಆಮೇಲೆ ಹಲಗೆಯ ಹಿಂದಿನ ಪ್ರತಿಯೊಂದು ಜೋಡಣೆಯ ಫೋಟೋ ತೆಗೆದು, ಪ್ರತಿ ವೈರಿಗೂ ಕಾಗದದ ಚೀಟಿ ಕಟ್ಟಿದೆ. ಆ ಕಾಲದ ಬ್ರಿಟಿಷ್ ಕಾರುಗಳ ವೈರಿಂಗಿಗೆ ಲ್ಯೂಕಸ್ ಕಂಪನಿಯ ಬಣ್ಣದ ಕ್ರಮವಿದ್ದುದರಿಂದ ಕೆಲಸ ಅರ್ಧ ಹಗುರಾಯಿತು. ಬರಿಯ ಹಸಿರು ಇಗ್ನಿಷನ್ ಹಾಕಿದಾಗ ಮಾತ್ರ ಜೀವ ಬರುವ ಫ್ಯೂಸಿನ ಸಾಲು, ತಿಳಿಹಸಿರು ಮೀಟರುಗಳಿಗೆ ಹೋಗುವ, ವೋಲ್ಟೇಜು ಸ್ಥಿರಗೊಳಿಸಿದ ಸಾಲು, ಹಸಿರು-ಕಪ್ಪು ಪೆಟ್ರೋಲ್ ಸೆಂಡರಿನದು, ಹಸಿರು-ನೀಲಿ ಉಷ್ಣಾಂಶದ್ದು, ಕೆಂಪು-ಬಿಳಿ ಮೀಟರಿನ ದೀಪಗಳದು, ಬರಿಯ ಕಪ್ಪು ಅರ್ಥಿಂಗಿನದು. ಆದರೂ ಚೀಟಿ ಕಟ್ಟದೆ ಬಿಡಬಾರದು. ಐವತ್ತು ವರ್ಷದ ಕೊಳೆಯಡಿಯಲ್ಲಿ ಹಸಿರು ಯಾವುದು, ತಿಳಿಹಸಿರು ಯಾವುದು ಎಂದು ಟಾರ್ಚಿನ ಬೆಳಕಿನಲ್ಲಿ ಹೇಳುವುದು ಕಷ್ಟ. ಹಿಂದೆ ಯಾರೋ ಒಬ್ಬರು ತಮ್ಮ ಕೈಗೆ ಸಿಕ್ಕ ಹಳದಿ ವೈರನ್ನು ನಡುವೆ ಸೇರಿಸಿ ಟೇಪು ಸುತ್ತಿದ್ದ ಕಡೆಯಲ್ಲಂತೂ ಬಣ್ಣದ ಕ್ರಮ ಯಾವ ಉಪಯೋಗಕ್ಕೂ ಬರಲಿಲ್ಲ.

ಎರಡು ಮೀಟರುಗಳೂ ಸುಳ್ಳು ಹೇಳಲು ಕಾರಣ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಡಬ್ಬಿ. ನನ್ನ ಕಾರಿನ ಸ್ಮಿತ್ಸ್ ಕಂಪನಿಯ ಮೀಟರುಗಳಲ್ಲಿ ಮುಳ್ಳನ್ನು ಅಲುಗಿಸುವುದು ದ್ವಿಲೋಹದ, ಅಂದರೆ ಎರಡು ಬೇರೆ ಲೋಹಗಳನ್ನು ಬೆಸೆದ, ಒಂದು ಪಟ್ಟಿ. ಅದಕ್ಕೆ ಸುತ್ತಿದ ತಂತಿಯಲ್ಲಿ ಕರೆಂಟು ಹರಿದು ಪಟ್ಟಿ ಬಿಸಿಯಾಗಿ ಬಾಗಿದಂತೆ ಮುಳ್ಳು ನಿಧಾನವಾಗಿ ಏಳುತ್ತದೆ. ಬ್ಯಾಟರಿಯ ವೋಲ್ಟೇಜು ಎಂಜಿನ್ನಿನ ವೇಗದೊಂದಿಗೆ ಏರಿಳಿದರೆ ಮುಳ್ಳೂ ಏರಿಳಿಯುತ್ತದೆಂದು, ಸ್ಟೆಬಿಲೈಸರು ಅದನ್ನು ಸರಾಸರಿ 10 ವೋಲ್ಟಿಗೆ ಇಳಿಸಿ ಕೊಡುತ್ತದೆ. ಅದರೊಳಗೂ ಇರುವುದು ಬಿಸಿಯಾದಾಗ ಬಾಗಿ ಸಂಪರ್ಕ ಕಡಿದು, ತಣ್ಣಗಾದಾಗ ಮತ್ತೆ ಕೂಡಿಸುವ ಇನ್ನೊಂದು ದ್ವಿಲೋಹದ ಪಟ್ಟಿಯೇ. ಈ ಪಟ್ಟಿಯನ್ನು ಬಿಸಿಮಾಡುವ ಕರೆಂಟು ಡಬ್ಬಿಯ ಮೈ ಮೂಲಕ ಅರ್ಥ್ ಆಗಬೇಕು. ಡಬ್ಬಿಗೆ ಅರ್ಥ್ ತಪ್ಪಿದರೆ ಪಟ್ಟಿ ಬಿಸಿಯಾಗುವುದಿಲ್ಲ, ಸಂಪರ್ಕ ಕಡಿಯುವುದಿಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜು ಮೀಟರುಗಳಿಗೆ ಹೋಗುತ್ತದೆ. ನನ್ನ ಕಾರಿನಲ್ಲಿ ಈ ಡಬ್ಬಿಯನ್ನು ಸ್ಪೀಡೋಮೀಟರಿನ ಬೆನ್ನಿಗೆ ಒಂದೇ ತಿರುಪಿನಿಂದ ಬಿಗಿದಿದ್ದರು, ಆ ತಿರುಪಿನ ಅಡಿಯಲ್ಲಿ ಕಂದು ತುಕ್ಕು ಉಂಗುರದ ಹಾಗೆ ಕೂತಿತ್ತು. ಎಮರಿ ಕಾಗದದಿಂದ ಎರಡೂ ಕಡೆ ಉಜ್ಜಿ ಮತ್ತೆ ಬಿಗಿದು, ಮೇಜಿನ ಮೇಲೆ ಬ್ಯಾಟರಿಗೆ ಕೊಟ್ಟು ನೋಡಿದಾಗ ಡಬ್ಬಿ ಮತ್ತೆ ಮಿಡಿಯತೊಡಗಿತು. ಇದನ್ನು ಡಿಜಿಟಲ್ ಮೀಟರಿನಿಂದ ಅಳೆಯಲು ಹೋದರೆ ಅಂಕಿಗಳು 0ಗೂ 12ಕ್ಕೂ ನಡುವೆ ಹಾರಾಡಿ ಏನೂ ತಿಳಿಯುವುದಿಲ್ಲ. ಒಂದು ಸಣ್ಣ ಬಲ್ಬನ್ನು ಸೇರಿಸಿದರೆ ಅದು ಹತ್ತಿ ಆರುವುದು ಕಣ್ಣಿಗೇ ಕಾಣುತ್ತದೆ.

ಅದು ಸರಿಹೋದರೂ ಸಂಪರ್ಕದ ಬಿಂದುಗಳು ಸವೆದಿದ್ದವು. ಆದ್ದರಿಂದ ಹಳೆಯ ಡಬ್ಬಿಯ ಒಳಭಾಗವನ್ನು ತೆಗೆದು, ಅದೇ ಹೊರಕವಚದೊಳಗೆ 7810 ಎಂಬ, 10 ವೋಲ್ಟನ್ನೇ ಸ್ಥಿರವಾಗಿ ಕೊಡುವ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಕೂರಿಸಿದೆ. ಅದರ ಲೋಹದ ನಾಲಗೆಯೇ ಅರ್ಥ್ ಆಗಿರುವುದರಿಂದ ಡಬ್ಬಿಗೆ ಬಿಗಿದರೆ ಅರ್ಥಿಂಗೂ ಆಯಿತು, ಬಿಸಿ ಹೊರಹೋಗಲು ದಾರಿಯೂ ಆಯಿತು. ಆದರೆ ಇದು ನೆಗೆಟಿವ್ ಅರ್ಥಿನ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಾಡಿಗೆ ಜೋಡಿಸಿದ, ಕಾರಿಗೆ ಮಾತ್ರ ಹೊಂದುತ್ತದೆ. ನನ್ನದಕ್ಕಿಂತ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವು ಪಾಸಿಟಿವ್ ಅರ್ಥಿನವು, ಅವುಗಳಿಗೆ ಈ ಉಪಾಯವನ್ನು ಹಾಗೇ ಎತ್ತಿ ಬಳಸಲಾಗದು.

ಮೀಟರುಗಳನ್ನು ತೆರೆಯುವ ಮುನ್ನ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. 1960ರ ದಶಕದ ಆರಂಭದವರೆಗಿನ ಕೆಲವು ಮೀಟರುಗಳ ಅಂಕಿಗಳಿಗೂ ಮುಳ್ಳಿಗೂ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿದಿರುತ್ತಾರೆ. ಹೊಳಪು ನಿಂತುಹೋಗಿರುವುದು ಅದರ ಜೊತೆಗಿನ ಸತುವಿನ ಸಲ್ಫೈಡ್ ಹಾಳಾಗಿರುವುದರಿಂದ ಅಷ್ಟೇ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1,600 ವರ್ಷ, ಅಂದರೆ ವಿಕಿರಣ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಕಂದುಬಣ್ಣಕ್ಕೆ ತಿರುಗಿದ, ಪುಡಿಪುಡಿಯಾಗುತ್ತಿರುವ ದಪ್ಪ ಬಣ್ಣ ಅಂಕಿಗಳ ಮೇಲೆ ಕಂಡರೆ ಗಾಜು ತೆಗೆಯಬಾರದು, ಕೆರೆಯುವುದಂತೂ ಕೂಡದು. ನನ್ನ ಕಾರಿನವು ಆಮೇಲಿನವಾದ್ದರಿಂದ ಆ ಭಯವಿರಲಿಲ್ಲ.

ಸ್ಮಿತ್ಸ್ ಮೀಟರಿನ ಸುತ್ತಲಿನ ಹೊಳೆಯುವ ಬಳೆಯ ಒಳಗೆ ಸಣ್ಣ ಕಿವಿಗಳಿರುತ್ತವೆ. ಬಳೆಯನ್ನು ತಿರುಗಿಸಿ ಆ ಕಿವಿಗಳನ್ನು ಮೀಟರಿನ ಅಂಚಿನ ಕಚ್ಚುಗಳಿಗೆ ಎದುರಾಗಿ ತಂದರೆ ಬಳೆ ಕಳಚಿಕೊಳ್ಳುತ್ತದೆ ಎಂಬುದು ಹೇಳಲು ಸುಲಭ. ಒಳಗಿನ ರಬ್ಬರು ಗಟ್ಟಿಯಾಗಿ ಅಂಟಿಕೊಂಡಿದ್ದರಿಂದ ಒಂದೊಂದು ಮೀಟರಿಗೂ ಅರ್ಧ ದಿನ ಹಿಡಿಯಿತು. ತುಕ್ಕು ಬಿಡಿಸುವ ಎಣ್ಣೆಯನ್ನು ಸೂಜಿಯ ತುದಿಯಿಂದ ಅಂಚಿಗೆ ಮಾತ್ರ ಮುಟ್ಟಿಸಿ, ರಾತ್ರಿಯೆಲ್ಲ ಮೀಟರನ್ನು ಮುಖ ಕೆಳಗೆ ಮಾಡಿ ಇಟ್ಟು, ಬೆಳಗ್ಗೆ ರಬ್ಬರಿನ ಕೈಗವಸು ಹಾಕಿಕೊಂಡು ಅಂಗೈಯಲ್ಲಿ ಒತ್ತಿ ತಿರುಗಿಸುವುದೇ ಕೊನೆಗೆ ಫಲಿಸಿದ ವಿಧಾನ.

ಡಯಲಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಇಂದಿಗೂ ಕಣ್ಣೆದುರಿಗಿದೆ. ಕಪ್ಪು ಮುಖದ ಮೇಲೆ ತೆಳುವಾದ ಜಿಡ್ಡಿನ ಪೊರೆಯಿತ್ತು. ಗಾಜಿಗೆ ಬಳಸಿದ ಸ್ಪಿರಿಟಿನಲ್ಲೇ ಹತ್ತಿಯ ಕಡ್ಡಿಯನ್ನು ಅದ್ದಿ ಪೆಟ್ರೋಲ್ ಮೀಟರಿನ ಮುಖದ ಮೇಲೆ ಒಮ್ಮೆ, ಒಂದೇ ಒಂದು ಬಾರಿ, ಎಳೆದೆ. ಹತ್ತಿ ಬೆಳ್ಳಗಾಯಿತು. ಅರ್ಧದ ಗುರುತಿನ ಬಿಳಿ ಗೀಟಿನಲ್ಲಿ ಮುಕ್ಕಾಲು ಪಾಲು ಹತ್ತಿಗೆ ಬಂದಿತ್ತು. ಆ ಅಚ್ಚಿನ ಬಣ್ಣ ಯಾವ ದ್ರಾವಕವನ್ನೂ ತಾಳುವುದಿಲ್ಲ. ಉಳಿದ ಡಯಲುಗಳಿಗೆ ಮೊದಲು ಮೃದುವಾದ ಒಣ ಬ್ರಷ್ಷು, ಆಮೇಲೆ ಎಂಜಲಿನಲ್ಲಿ ತುಸುವೇ ತೇವಮಾಡಿದ ಹತ್ತಿ, ಇಷ್ಟನ್ನೇ ಬಳಸಿದೆ. ಎಂಜಲೆಂದರೆ ಮುಖ ಸಿಂಡರಿಸುವವರಿದ್ದಾರೆ, ಆದರೆ ಹಳೆಯ ಚಿತ್ರಪಟಗಳನ್ನು ಸಂರಕ್ಷಿಸುವವರೂ ಅದನ್ನೇ ಬಳಸುತ್ತಾರೆ. ಹೋದ ಗೀಟನ್ನು ಸಣ್ಣ ಕುಂಚದಿಂದ ಮತ್ತೆ ಎಳೆಯಬಹುದಿತ್ತು. ಕೈ ನಡುಗಿದರೆ ಉಳಿದ ಕಾಲು ಭಾಗವೂ ಕೆಡುತ್ತದೆಂದು ಹಾಗೇ ಬಿಟ್ಟೆ.

ಸ್ಪೀಡೋಮೀಟರಿನ ಒಳಗಿನ ತತ್ವ ಬೇರೆಯದು. ಕೇಬಲ್ಲಿಗೆ ಕೂಡಿದ ಅಯಸ್ಕಾಂತವೊಂದು ಅಲ್ಯೂಮಿನಿಯಂ ಬಟ್ಟಲಿನೊಳಗೆ, ಅದನ್ನು ಮುಟ್ಟದೆ, ತಿರುಗುತ್ತದೆ. ಬಟ್ಟಲಿನಲ್ಲಿ ಹುಟ್ಟುವ ಎಡ್ಡಿ ಕರೆಂಟುಗಳೆಂಬ ಸುಳಿಯಂಥ ವಿದ್ಯುತ್ ಪ್ರವಾಹಗಳಿಂದ ಬಟ್ಟಲು ಅದರ ಹಿಂದೆಯೇ ತಿರುಗಲು ನೋಡುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಡಿದು ನಿಲ್ಲಿಸುತ್ತದೆ. ಡಯಲಿನ ಕೆಳಗಡೆ ಚಿಕ್ಕದಾಗಿ ಅಚ್ಚಾಗಿರುವ ಒಂದು ಸಂಖ್ಯೆಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಅದು ಒಂದು ಮೈಲಿಗೆ ಕೇಬಲ್ಲು ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ. ನನ್ನದರಲ್ಲಿ 1000 ಎಂದಿತ್ತು. ಗಂಟೆಗೆ 60 ಮೈಲಿ ಎಂದರೆ ನಿಮಿಷಕ್ಕೆ ಒಂದು ಮೈಲಿ, ಹಾಗಾಗಿ ಕೇಬಲ್ಲನ್ನು ನಿಮಿಷಕ್ಕೆ 1000 ಸುತ್ತು ತಿರುಗಿಸಿದರೆ ಮುಳ್ಳು 60ರಲ್ಲಿ ನಿಲ್ಲಬೇಕು. ಕಿಲೋಮೀಟರಿನ ಡಯಲಿನಲ್ಲಿ ಆ ಸಂಖ್ಯೆ ಒಂದು ಕಿಲೋಮೀಟರಿನದಾಗಿದ್ದರೆ ಇದೇ ಲೆಕ್ಕ ಅದಕ್ಕೂ ಸಲ್ಲುತ್ತದೆ. ಹಳೆಯ ಕೇಬಲ್ಲಿನ ಒಂದು ತುಂಡನ್ನು ಕೈ ಡ್ರಿಲ್ಲಿಗೆ ಕಚ್ಚಿಸಿ, ಅದರ ವೇಗವನ್ನು ಸುತ್ತುಗಳನ್ನು ಎಣಿಸುವ ಟ್ಯಾಕೋಮೀಟರಿನಿಂದ ಅಳೆಯುತ್ತ ತಿರುಗಿಸಿದೆ. ಮುಳ್ಳು 70 ದಾಟಿ ನಡುಗುತ್ತಿತ್ತು.

ಕಾರಣ ಒಳಗೆ ಸಿಕ್ಕಿತು. ಕೇಬಲ್ಲಿಗೆ ಯಾವಾಗಲೋ ಧಾರಾಳವಾಗಿ ಹಚ್ಚಿದ ಗ್ರೀಸು ತಿರುಗುತ್ತ ತಿರುಗುತ್ತ ಮೇಲೇರಿ, ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವಿನ ಸಣ್ಣ ಸಂದಿನಲ್ಲಿ ಕೂತಿತ್ತು. ಗಾಳಿ ಇರಬೇಕಾದಲ್ಲಿ ಜಿಡ್ಡಿದ್ದರೆ ಅಯಸ್ಕಾಂತ ಬಟ್ಟಲನ್ನು ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತದೆ. ಮುಳ್ಳನ್ನು ಕೀಳದೆ, ತೆಳುವಾದ ಕಾಗದದ ಪಟ್ಟಿಗಳನ್ನು ಸಂದಿಯಲ್ಲಿ ಮತ್ತೆ ಮತ್ತೆ ಆಡಿಸಿ ಜಿಡ್ಡನ್ನು ಹೀರಿಸಿದೆ. ಸುಮಾರು ನಲವತ್ತು ಪಟ್ಟಿಗಳಾದ ಮೇಲೆ ಕಾಗದ ಒಣಗಿ ಬಂತು, ಡ್ರಿಲ್ಲು 1000ದಲ್ಲಿ ತಿರುಗಿದಾಗ ಮುಳ್ಳು 61ರಲ್ಲಿ ಅಲುಗದೆ ನಿಂತಿತು. ಆ ಒಂದು ಮೈಲಿಯನ್ನು ಸರಿಪಡಿಸಲು ಸ್ಪ್ರಿಂಗನ್ನು ಮುಟ್ಟುವ ಧೈರ್ಯ ನನಗಿಲ್ಲ. ಹೊಸ ಕೇಬಲ್ಲಿಗೆ ಗ್ರೀಸು ಹಚ್ಚುವಾಗ ಮೀಟರಿನ ಕಡೆಯ ಒಂದು ಗೇಣು ಒಣದಾಗಿಯೇ ಬಿಟ್ಟೆ. ಓಡಿದ ದೂರ ತೋರಿಸುವ ಓಡೋಮೀಟರಿನ ಅಂಕಿಗಳನ್ನು ಒರೆಸಿದೆ, ತಿರುಗಿಸಲಿಲ್ಲ.

ಮೀಟರುಗಳ ಒಳಗೋಡೆಗೆ ಮತ್ತೆ ಮಂದ ಬಿಳಿ ಬಣ್ಣ ಬಳಿದೆ. ಬಲ್ಬಿನ ಬೆಳಕು ಅದರಿಂದ ಪ್ರತಿಫಲಿಸಿಯೇ ಡಯಲಿಗೆ ಬೀಳುವುದು, ಬಲ್ಬು ಕೇವಲ 2.2 ವಾಟಿನದು. ಎಲ್‌ಇಡಿ ಹಾಕಬಹುದು, ಆದರೆ ಬೆಳಕು ತಗ್ಗಿಸುವ ಹಳೆಯ ಗುಬುಟು ಅದರೊಂದಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಚಾರ್ಜಿಂಗ್ ಎಚ್ಚರಿಕೆಯ ಕೆಂಪು ದೀಪವನ್ನಂತೂ ಬದಲಿಸಬಾರದು, ಆಲ್ಟರ್ನೇಟರ್ ಚಾಲೂ ಆಗಲು ಬೇಕಾದ ಮೊದಲ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದೆ.

ಇನ್ನು ಮರದ ಹಲಗೆ. ಅದು ಪ್ಲೈವುಡ್ಡಿನ ಮೇಲೆ ಅಂಟಿಸಿದ ವಾಲ್ನಟ್ ವೆನಿಯರ್, ಅಂದರೆ ಅಕ್ರೋಟು ಮರದ ತೆಳು ಹಾಳೆ, ದಪ್ಪ ಒಂದು ಮಿಲಿಮೀಟರೂ ಇಲ್ಲ. ಮಷೀನಿನಿಂದ ಉಜ್ಜಿದರೆ ಕ್ಷಣದಲ್ಲಿ ಪ್ಲೈವುಡ್ಡು ಇಣುಕುತ್ತದೆ, ಆದ್ದರಿಂದ ಹಳೆಯ ವಾರ್ನಿಷನ್ನು ಬಯಲಿನ ಗಾಳಿಯಲ್ಲಿ ಸ್ಟ್ರಿಪ್ಪರ್ ಎಂಬ ವಾರ್ನಿಷ್ ಸಡಿಲಿಸುವ ರಾಸಾಯನಿಕ ಹಚ್ಚಿ ಪ್ಲಾಸ್ಟಿಕ್ಕಿನ ತಗಡಿನಿಂದ ತೆಗೆದೆ. ಒಂದು ಮೂಲೆಯಲ್ಲಿ ವೆನಿಯರ್ ಚಕ್ಕೆ ಎದ್ದಿತ್ತು. ಅಲ್ಲಿಗೆ ಚೌಕದ ತೇಪೆ ಹಾಕಿದರೆ ಅಡ್ಡಗೀಟು ಎದ್ದು ಕಾಣುತ್ತದೆ, ಎಳೆಗಳ ದಿಕ್ಕಿನಲ್ಲೇ ಎರಡೂ ತುದಿ ಚೂಪಾದ ದೋಣಿಯಾಕಾರದಲ್ಲಿ ಕತ್ತರಿಸಿ ಕೂರಿಸಿದರೆ ಕಣ್ಣು ಅದನ್ನು ಹುಡುಕಬೇಕಾಗುತ್ತದೆ. ಬಿಸಿಲು ತಡೆಯುವ, ದೋಣಿಗಳಿಗೆ ಬಳಸುವ ವಾರ್ನಿಷನ್ನು ಒಂಬತ್ತು ಪದರ ಹಚ್ಚಿದೆ. ಪದರ ಪದರದ ನಡುವೆ 400ರ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಕೊನೆಗೆ 2000ದ ಕಾಗದ, ಆಮೇಲೆ ಪಾಲಿಶ್. ಮೀಟರಿನ ರಂಧ್ರಗಳ ಒಳ ಅಂಚಿಗೂ ತೇವ ಹೋಗದಂತೆ ಅಷ್ಟೇ ಶ್ರದ್ಧೆಯಿಂದ ಹಚ್ಚಿದೆ. ಫಲವಾಗಿ ಸ್ಪೀಡೋಮೀಟರು ರಂಧ್ರದೊಳಗೆ ಇಳಿಯಲೇ ಇಲ್ಲ. ಒಂಬತ್ತು ಪದರ ಎಂದರೆ ಎರಡೂ ಬದಿ ಸೇರಿ ಎಷ್ಟಾಗುತ್ತದೆಂದು ಮೊದಲೇ ಲೆಕ್ಕ ಹಾಕಬೇಕಿತ್ತು. ಬೆರಳಿಗೆ ಎಮರಿ ಸುತ್ತಿಕೊಂಡು ಒಂದು ಸಂಜೆಯೆಲ್ಲ ಅಂಚನ್ನು ಸವೆಸಿದೆ.

ಎಲ್ಲವನ್ನೂ ಕೂರಿಸಿ ಇಗ್ನಿಷನ್ ಹಾಕಿದಾಗ ಮೀಟರಿನ ಒಂದು ದೀಪವೂ ಹತ್ತಲಿಲ್ಲ. ಪೆಟ್ರೋಲ್ ಮೀಟರು ಮಾತ್ರ ಹಾಯಾಗಿ ಪೂರ್ತಿ ಟ್ಯಾಂಕಿನತ್ತ ಏರುತ್ತಿತ್ತು. ಫ್ಯೂಸು, ಸ್ವಿಚ್ಚು ಎಂದು ಹುಡುಕಿ ಸೋತ ಮೇಲೆ ನನ್ನ ಕೈಗೆಲಸವೇ ಕಾರಣವೆಂದು ಗೊತ್ತಾಯಿತು. ಮೀಟರುಗಳ ಹೊರಕವಚವನ್ನು ತುಕ್ಕು ತೆಗೆದು ಚೆಂದವಾಗಿ ಕಪ್ಪು ಬಣ್ಣ ಹೊಡೆದಿದ್ದೆ, ಬೆನ್ನನ್ನೂ ಬಿಡದೆ. ಬಲ್ಬಿನ ಹೋಲ್ಡರು ಸಿಕ್ಕಿಸುವ ತೂತಿನ ಅಂಚಿನಲ್ಲಿ ಬಣ್ಣ, ಸ್ಟೆಬಿಲೈಸರು ಕೂರುವ ಜಾಗದಲ್ಲಿ ಬಣ್ಣ, ಕಪ್ಪು ವೈರು ಬಿಗಿಯುವ ತಿರುಪಿನ ಅಡಿಯಲ್ಲಿಯೂ ಬಣ್ಣ. ತಗಡಿನ ಡ್ಯಾಶ್‌ಬೋರ್ಡಾಗಿದ್ದರೆ ಅದರ ಮೂಲಕವಾದರೂ ಅರ್ಥ್ ಸಿಗುತ್ತಿತ್ತೇನೋ, ಮರದಲ್ಲಿ ಆ ಆಸೆ ಇಲ್ಲ. ತುಕ್ಕು ಮಾಡಿದ್ದ ಕೆಲಸವನ್ನೇ ನಾನು ಬಣ್ಣದಿಂದ ಮಾಡಿದ್ದೆ. ಹಲಗೆಯನ್ನು ಮತ್ತೆ ಕಳಚಿ, ಆ ಮೂರು ಜಾಗಗಳನ್ನು ಬರಿಯ ಲೋಹ ಕಾಣುವವರೆಗೆ ಕೆರೆದು, ಎಲ್ಲ ಮೀಟರುಗಳ ಮೈಯನ್ನೂ ಒಂದೇ ಹೊಸ ಕಪ್ಪು ವೈರಿನಿಂದ ಪೋಣಿಸಿ ಕಾರಿನ ಬಾಡಿಗೆ ಬಿಗಿದೆ.

ಈಗ ಬೀಗ ತಿರುಗಿಸಿದರೆ ಪೆಟ್ರೋಲ್ ಮುಳ್ಳು ಅವಸರವಿಲ್ಲದೆ ಮೇಲೆದ್ದು, ಅರ್ಧ ಟ್ಯಾಂಕಿದ್ದಾಗ, ಗೀಟು ಅಳಿಸಿಹೋದ ಜಾಗದಲ್ಲಿ ಬಂದು ನಿಲ್ಲುತ್ತದೆ.