ಹಳೆಯ ವಿಂಡೋಸ್ ಕಂಪ್ಯೂಟರನ್ನು ಕೆಲಸ ಕೆಡದಂತೆ ಬದಲಾಯಿಸುವ ಬಗೆ

ಚಿಕ್ಕಮಗಳೂರು, ಹಾಸನದ ಕಾಫಿ ಖರೀದಿ ಮಳಿಗೆಗಳಲ್ಲಿ, ವೇಬ್ರಿಡ್ಜ್‌ಗಳಲ್ಲಿ, ಮುದ್ರಣಾಲಯಗಳಲ್ಲಿ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವ ಕಂಪ್ಯೂಟರುಗಳು ಇಂದಿಗೂ ಕೆಲಸ ಮಾಡುತ್ತಿವೆ. 2001ರಲ್ಲಿ ಬಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಬೆಂಬಲ ನಿಲ್ಲಿಸಿತು; ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಅದೇ ಗತಿಯಾಯಿತು. ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಆ ದಿನದ ನಂತರ ಪತ್ತೆಯಾಗುವ ಭದ್ರತಾ ಲೋಪಗಳನ್ನು ಸಾಮಾನ್ಯವಾಗಿ ಯಾರೂ ಮುಚ್ಚುವುದಿಲ್ಲ, ಅಷ್ಟೆ. ಮಾಲೀಕರಿಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೂ ಬದಲಾಯಿಸುವುದಿಲ್ಲ, ಏಕೆಂದರೆ ಬಹುಪಾಲು ಕಡೆ ಆ ಕಂಪ್ಯೂಟರಿಗೆ ಹೊಸದರಲ್ಲಿ ನಡೆಯದ ಯಾವುದೋ ಒಂದು ಉಪಕರಣವೋ ಪ್ರೋಗ್ರಾಮೋ ಅಂಟಿಕೊಂಡಿರುತ್ತದೆ. ಅದು ಯಾವುದೆಂದು ಪತ್ತೆಹಚ್ಚದೆ ಹೊಸ ಕಂಪ್ಯೂಟರ್ ತಂದವರು, ತಿಂಗಳೊಳಗೆ ಹಳೆಯದನ್ನೇ ಮತ್ತೆ ಮೇಜಿನ ಮೇಲೆ ಇಟ್ಟುಕೊಂಡಿರುತ್ತಾರೆ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ವಿಂಡೋಸ್ ಕೀ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ ಇಂಗ್ಲಿಷಿನಲ್ಲಿ ವಿನ್‌ವರ್ (winver) ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಯಾವ ಆವೃತ್ತಿ ಎಂಬುದು ಕಾಣುತ್ತದೆ, ಅದನ್ನು ಬರೆದುಕೊಳ್ಳಿ. ನಂತರ ಸಿಪಿಯು ಹಿಂಬದಿಗೆ ಬಂದಿರುವ ಪ್ರತಿಯೊಂದು ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಬರೆಯಿರಿ. ದಿನವಿಡೀ ಯಾವ ಯಾವ ಪ್ರೋಗ್ರಾಂ ತೆರೆಯುತ್ತಾರೆ, ಯಾವ ಕಾಗದ ಹೊರಬರುತ್ತದೆ ಎಂಬುದನ್ನು ಮಾಲೀಕರ ಬದಲು ಅದರ ಮುಂದೆ ಕೂರುವ ಗುಮಾಸ್ತರನ್ನೇ ಕೇಳಿ. ವರ್ಷಕ್ಕೊಮ್ಮೆ, ಮಾರ್ಚಿಯಲ್ಲಿ ಮಾತ್ರ ತೆರೆಯುವ ಪ್ರೋಗ್ರಾಂ ಒಂದಿರುತ್ತದೆ. ಅದು ಅವರಿಗಷ್ಟೇ ನೆನಪಿರುತ್ತದೆ.

ನಮ್ಮ ಕಡೆ ಅತಿ ಗಟ್ಟಿಯಾದ ಅಂಟು ಇರುವುದು ತೂಕದ ಯಂತ್ರಕ್ಕೆ. ಬೆಳೆಗಾರರು ತಂದ ಚೆರ್ರಿ ಅಥವಾ ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ತೂಕ, ಅಂಕಿ ತೋರಿಸುವ ಇಂಡಿಕೇಟರಿನಿಂದ, ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಬರುತ್ತದೆ. ಯಾವತ್ತೋ ಫಾಕ್ಸ್‌ಪ್ರೋದಲ್ಲಿ ಬರೆಸಿದ, ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಪ್ರೋಗ್ರಾಂ ಅದನ್ನು ಓದಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಾರ್ಬನ್ ಪ್ರತಿಯೊಂದಿಗೆ ಚೀಟಿ ಹೊಡೆಯುತ್ತದೆ. ಪ್ರೋಗ್ರಾಂ ಬರೆದ ಹುಡುಗ ಈಗ ಬೆಂಗಳೂರಿನಲ್ಲೆಲ್ಲೋ ಇದ್ದಾನೆ. ಇಂತಹ 16 ಬಿಟ್ ಪ್ರೋಗ್ರಾಮುಗಳನ್ನು 64 ಬಿಟ್ ವಿಂಡೋಸ್ ತೆರೆಯುವುದೇ ಇಲ್ಲ, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಆದರೆ ಇದಕ್ಕೆ ದಾರಿಯಿದೆ. ಡಾಸ್‌ಬಾಕ್ಸ್-ಎಕ್ಸ್ ಎಂಬ ಉಚಿತ ತಂತ್ರಾಂಶವು ಹೊಸ ಕಂಪ್ಯೂಟರಿನೊಳಗೆ ಡಾಸ್ ವಾತಾವರಣವನ್ನು ನಿರ್ಮಿಸಿಕೊಡುತ್ತದೆ, ಸೀರಿಯಲ್ ಪೋರ್ಟನ್ನೂ ಪ್ರಿಂಟರನ್ನೂ ಒಳಗಿನ ಪ್ರೋಗ್ರಾಮಿಗೆ ತಲುಪಿಸುತ್ತದೆ. ಪ್ರೋಗ್ರಾಂ ಇರುವ ಇಡೀ ಫೋಲ್ಡರನ್ನು ನಕಲು ಮಾಡಿಕೊಂಡು ಮೊದಲು ಇದರಲ್ಲಿ ಪ್ರಯತ್ನಿಸಿ. ಅದೂ ಆಗದಿದ್ದರೆ ಕನಿಷ್ಠ ಲೆಕ್ಕವಾದರೂ ಉಳಿಯುತ್ತದೆ: ಫಾಕ್ಸ್‌ಪ್ರೋದ ಡಿಬಿಎಫ್ ಕಡತಗಳನ್ನು ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸಿನ ಕ್ಯಾಲ್ಕ್ ನೇರವಾಗಿ ತೆರೆಯುತ್ತದೆ, ಹಳೆಯ ವರ್ಷಗಳ ಖರೀದಿ ವಿವರವನ್ನು ಅಲ್ಲಿಂದ ಉಳಿಸಿಕೊಳ್ಳಬಹುದು.

ಹೊಸ ಕಂಪ್ಯೂಟರುಗಳಲ್ಲಿ ಸೀರಿಯಲ್ ಪೋರ್ಟ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಕೊಳ್ಳಬೇಕಾಗುತ್ತದೆ, ಮತ್ತು ಬಹಳ ಜನ ಸೋಲುವುದು ಇಲ್ಲಿಯೇ. ಅಗ್ಗದ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಕಂಪನಿಯ ಹಳೆಯ ಪಿಎಲ್2303 ಚಿಪ್ ಅಥವಾ ಅದರ ನಕಲು ಇರುತ್ತದೆ. ಇದನ್ನು ವಿಂಡೋಸ್ 11ಕ್ಕೆ ಸಿಕ್ಕಿಸಿದರೆ, ಡಿವೈಸ್ ಮ್ಯಾನೇಜರಿನಲ್ಲಿ ಆ ಚಿಪ್ 2012ರಿಂದಲೇ ಚಲಾವಣೆಯಲ್ಲಿಲ್ಲ ಎಂಬ ಸಾಲು ಕಾಣಿಸಿಕೊಂಡು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ಎಫ್‌ಟಿಡಿಐ ಚಿಪ್ ಇರುವ ಕೇಬಲ್ಲನ್ನೇ ಕೇಳಿ ಪಡೆಯಿರಿ. ಇನ್ನೊಂದು ತೊಡಕೆಂದರೆ ಪೋರ್ಟಿನ ಸಂಖ್ಯೆ. ಹೊಸ ಕೇಬಲ್‌ಗೆ ವಿಂಡೋಸ್ ಕಾಮ್ 7 ಎಂದೋ ಕಾಮ್ 9 ಎಂದೋ ಹೆಸರಿಟ್ಟಿರುತ್ತದೆ, ಹಳೆಯ ಪ್ರೋಗ್ರಾಂ ಹುಡುಕುವುದು ಕಾಮ್ 1 ಅನ್ನು. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್ ಎಂಬಲ್ಲಿ ಸಂಖ್ಯೆಯನ್ನು ಬದಲಿಸಿದರೆ ಸಾಕು. ಏನೇ ಆದರೂ ತೂಕದ ಇಂಡಿಕೇಟರನ್ನು ಮಾತ್ರ ಬಿಚ್ಚಲು ಬಿಡಬೇಡಿ. ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇರುತ್ತದೆ.

ಡಿಟಿಪಿ ಅಂಗಡಿಗಳ ಕಥೆ ಬೇರೆ. ಅಲ್ಲಿ ಹಿಡಿದಿಟ್ಟಿರುವುದು 2001ರಲ್ಲಿ ಹೊರಬಂದು ಅಲ್ಲಿಗೇ ಕೊನೆಗೊಂಡ, ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 7, ಮತ್ತು ಅದರಲ್ಲಿ ನುಡಿ, ಶ್ರೀಲಿಪಿಗಳ ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಕೂಡಿಸಿಟ್ಟ ವರ್ಷಗಟ್ಟಲೆಯ ಲಗ್ನಪತ್ರಿಕೆ, ಬಿಲ್‌ಬುಕ್, ಸ್ಮರಣ ಸಂಚಿಕೆಗಳು. ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ, ಅಂದರೆ ಇಂದಿನ ಎಲ್ಲ ಕಂಪ್ಯೂಟರು, ಫೋನುಗಳು ಬಳಸುವ ಅಕ್ಷರ ಸಂಕೇತದ ಕನ್ನಡ, ಗೊತ್ತಿಲ್ಲ. ಹಳೆಯ ಕೆಲಸವನ್ನೆಲ್ಲ ಪರಿವರ್ತಿಸುತ್ತೇನೆಂದು ಹೊರಡುವುದು ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ. ಹಳೆಯದು ಹಳೆಯದರಲ್ಲೇ ಇರಲಿ, ಹೊಸ ಕೆಲಸವನ್ನು ಇಂದಿನಿಂದಲೇ ಯುನಿಕೋಡ್‌ನಲ್ಲಿ ಆರಂಭಿಸಿ. ಗಿರಾಕಿ ಹಳೆಯ ಪತ್ರವನ್ನೇ ತಿದ್ದಿಕೊಡಿ ಎಂದಾಗ ಮಾತ್ರ ಪರಿವರ್ತಕ ಬಳಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿ ಮುದ್ರಣಕ್ಕೆ ಕಳಿಸಿ. ಫಾಂಟ್ ಕಡತಗಳನ್ನು ಬೇರೆಡೆ ನಕಲು ಮಾಡಿಡುವುದನ್ನು ಮರೆಯಬೇಡಿ; ಅವಿಲ್ಲದಿದ್ದರೆ ಕಡತ ತೆರೆದರೂ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಹಾಳೆಯಲ್ಲಿ ಬರೆದುಕೊಂಡ ಮೇಲೆ ಕೆಲವು ಕಂಪ್ಯೂಟರುಗಳಿಗೆ ಏನೂ ಅಂಟಿಕೊಂಡಿಲ್ಲ ಎಂಬುದು ಗೊತ್ತಾಗುತ್ತದೆ. ಅವು ಹಳೆಯದಾಗಿ ಉಳಿದಿರುವುದು 'ನಡೀತಿದೆಯಲ್ಲ, ಇರಲಿ ಬಿಡಿ' ಎಂಬ ಕಾರಣಕ್ಕೆ, ಇಲ್ಲವೇ ಅಸೆಂಬಲ್ ಮಾಡಿಕೊಟ್ಟವರು ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿ, ಎಚ್ಚರಿಕೆಯ ಸಂದೇಶ ಬಾರದಿರಲೆಂದು ಅಪ್‌ಡೇಟನ್ನೇ ಬಂದ್ ಮಾಡಿಹೋದ ಕಾರಣಕ್ಕೆ. ಇವನ್ನು ತಡಮಾಡದೆ ಬದಲಾಯಿಸಿ. ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, ಕನಿಷ್ಠ 4 ಜಿಬಿ ರ‍್ಯಾಮ್ ಇದ್ದರೆ ವಿಂಡೋಸ್ 11 ಹಾಕಬಹುದು. ಅಷ್ಟಿಲ್ಲದ ಯಂತ್ರ ಪತ್ರ ಬರೆಯಲು, ಇ-ಮೇಲ್ ನೋಡಲು ಮಾತ್ರ ಬಳಕೆಯಾಗುತ್ತಿದ್ದರೆ ವಿಂಡೋಸ್ ಬದಲಿಗೆ ಹಾಕುವ ಉಚಿತ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. ವಿಂಡೋಸ್ 10 ಇರುವ ಮನೆಬಳಕೆಯ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಪ್ರಕಟಿಸಿತ್ತು. ಅದು ಸಮಯಾವಕಾಶವೇ ಹೊರತು ಪರಿಹಾರವಲ್ಲ.

ಬದಲಾಯಿಸಲು ಆಗುವುದೇ ಇಲ್ಲ ಎಂಬ ಯಂತ್ರವನ್ನು ಇಟ್ಟುಕೊಳ್ಳುವುದು ತಪ್ಪಲ್ಲ, ನೆಟ್‌ಗೆ ಜೋಡಿಸಿ ಇಟ್ಟುಕೊಳ್ಳುವುದು ತಪ್ಪು. ಅದರ ಲ್ಯಾನ್ ಕೇಬಲ್ ತೆಗೆದುಬಿಡಿ. ಬ್ಯಾಂಕ್, ಜಿಎಸ್‌ಟಿ, ಇ-ಮೇಲ್ ಎಲ್ಲವೂ ಬೇರೆ ಕಂಪ್ಯೂಟರಿನಲ್ಲಿ ನಡೆಯಲಿ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಎಕ್ಸ್‌ಪಿ ಯಂತ್ರದ ಫೋಲ್ಡರ್ ಹೊಸ ಕಂಪ್ಯೂಟರಿನಲ್ಲಿ ಕಾಣಲಿಲ್ಲವೆಂದು, ಹೊಸದರಲ್ಲಿ ಎಸ್‌ಎಂಬಿ 1 ಎಂಬ ಕಡತ ಹಂಚಿಕೊಳ್ಳುವ ಹಳೆಯ ಸೌಲಭ್ಯವನ್ನು ಚಾಲೂ ಮಾಡಿಕೊಡುವ ಪದ್ಧತಿ ರಿಪೇರಿಯವರಲ್ಲಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಹಣ ಸುಲಿಯುವ ರ‍್ಯಾನ್ಸಮ್‌ವೇರ್ ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿದ್ದು ಇದೇ ಎಸ್‌ಎಂಬಿ 1ರ ಲೋಪದ ಮೂಲಕ. ಅದನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲಿ, ಬಂದಿತ್ತು. ಹಾಕಿಕೊಂಡಿರದ ವಿಂಡೋಸ್ 7 ಯಂತ್ರಗಳೇ ಹೆಚ್ಚಾಗಿ ಬಲಿಯಾದವು. ಆದ್ದರಿಂದ ಫೋಲ್ಡರ್ ಹಂಚಿಕೊಳ್ಳುವ ಆಸೆ ಬಿಟ್ಟು, ಇದೊಂದಕ್ಕೇ ಮೀಸಲಾದ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ, ಪ್ರತಿ ಸಲವೂ ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿಯೇ ಬಳಸಿ. ಗಿರಾಕಿಗಳ ಪೆನ್‌ಡ್ರೈವ್ ಹಳೆಯ ಯಂತ್ರಕ್ಕೆ ಸಿಕ್ಕಿಸುವಂತಿಲ್ಲ.

ಹಾರ್ಡ್ ಡಿಸ್ಕ್ ಕೆಡುವ ಮೊದಲು ಅದರ ಪೂರ್ಣ ಪ್ರತಿಬಿಂಬ ತೆಗೆದಿಡಬೇಕು. ಮೈಕ್ರೋಸಾಫ್ಟ್‌ನದೇ ಉಚಿತ ಸಾಧನ ಡಿಸ್ಕ್‌2ವಿಎಚ್‌ಡಿ, ನಡೆಯುತ್ತಿರುವ ಯಂತ್ರವನ್ನು ಹಾಗೆಯೇ ಒಂದು ಕಡತವಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ ಬರೆದುಕೊಡುತ್ತದೆ. ಆ ಕಡತವನ್ನು ವರ್ಚುವಲ್‌ಬಾಕ್ಸ್‌ನಲ್ಲಿ ತೆರೆದರೆ ಹಳೆಯ ಕಂಪ್ಯೂಟರೇ ಹೊಸದರೊಳಗೆ ಒಂದು ಕಿಟಕಿಯಲ್ಲಿ ಎದ್ದು ನಿಲ್ಲುವ ಸಾಧ್ಯತೆಯಿದೆ. ವಿಂಡೋಸ್ ಮತ್ತೆ ಆ್ಯಕ್ಟಿವೇಷನ್ ಕೇಳಬಹುದು. ಪ್ಯಾರಲಲ್ ಪೋರ್ಟಿಗೆ ಹಾಕುವ ಡಾಂಗಲ್ (ನಕಲು ತಡೆಯುವ ಬೀಗದಂತಹ ಚಿಕ್ಕ ಸಾಧನ) ಇರುವ ತಂತ್ರಾಂಶಗಳು ಮಾತ್ರ ಈ ಉಪಾಯಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಯಾವಾಗ ಬದಲಾಯಿಸಬೇಕು ಎಂಬುದಕ್ಕೆ ಮಲೆನಾಡಿನ ಉತ್ತರವೇ ಬೇರೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣು ಬರತೊಡಗಿದ ಮೇಲೆ ರೋಬಸ್ಟಾ ಮುಗಿಯುವವರೆಗೂ ತೂಕದ ಕೋಣೆಯ ಕಂಪ್ಯೂಟರನ್ನು ಮುಟ್ಟುವಂತಿಲ್ಲ. ಮಾರ್ಚಿ ಲೆಕ್ಕ ಮುಗಿಸುವ ತಿಂಗಳು. ಜೂನ್ ನಂತರ ಮಳೆ, ಹೇಳದೆ ಕೇಳದೆ ಹೋಗುವ ಕರೆಂಟು. ಉಳಿಯುವುದು ಏಪ್ರಿಲ್ ಮತ್ತು ಮೇ. ಆಗಲೂ ಹಳೆಯದನ್ನು ಒಮ್ಮೆಗೇ ತೆಗೆಯದೆ, ಹದಿನೈದು ದಿನವಾದರೂ ಪ್ರತಿ ಚೀಟಿಯನ್ನು ಎರಡರಲ್ಲೂ ಹೊಡೆದು ತಾಳೆ ನೋಡಿ. ನಂತರ ಹಳೆಯ ಯಂತ್ರವನ್ನು ಒಂದು ಹಂಗಾಮಿನ ಮಟ್ಟಿಗೆ ಮೂಲೆಯಲ್ಲಿ ಇಟ್ಟುಕೊಳ್ಳುವುದಾದರೆ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂತಹ ಸಿಆರ್2032 ಸೆಲ್ಲನ್ನು ಹೊಸದು ಹಾಕಿಡಿ. ಅದು ಸತ್ತರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಅವಸರಕ್ಕೆ ಅದರಲ್ಲಿ ಹೊಡೆದ ಚೀಟಿಗಳೆಲ್ಲ ತಪ್ಪು ತಾರೀಖು ಹೊತ್ತು ಬರುತ್ತವೆ.