ಕೊನೆಯ ಎರಡು ಪುಟ ಬಚ್ಚಿಟ್ಟೆ: ಸ್ಕ್ರಿಪ್ಟ್ ಓದು ಮತ್ತು ಆಟದ ಸಂಜೆ, ನನ್ನ ಅನುಭವ

ಸ್ನೇಹಿತರನ್ನು ಕೂರಿಸಿ, ಪಾತ್ರ ಹಂಚಿ ನಾಟಕದ ಸ್ಕ್ರಿಪ್ಟ್ ಓದಿಸುತ್ತೇನೆ, ಅದರಲ್ಲೇ ಆಟವನ್ನೂ ಆಡಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ನಾಟಕದ ಗೀಳಿರುವವರು "ಆಟ ಸೇರಿಸಿದರೆ ಓದು ಕೆಡುತ್ತೆ" ಎಂದರು. ಆಟಕ್ಕೆಂದೇ ಬರುವವರು "ಇದೇನು, ಪಾಠ ಓದಿಸ್ತೀಯಾ?" ಎಂದರು. ಈಗ ಎರಡೂ ಕಡೆಯವರು ಮುಂದಿನದು ಯಾವಾಗ ಎಂದು ತಾವಾಗಿಯೇ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇಂಥ ಸಂಜೆಗಳನ್ನು ಒಂದೆರಡು ಸಲವಾದರೂ ನಡೆಸಿದವರಿಗೆ ಈ ಬರಹ. ಡಂಬ್ ಷರಾಡ್ಸ್ ಎಂಬ ಮೂಕಾಭಿನಯದ ಆಟವನ್ನಾಗಲಿ, ಪಾತ್ರಗಳು ಏನು ಮಾಡಬೇಕೆಂದು ಹೇಳುವ ರಂಗಸೂಚನೆಯನ್ನಾಗಲಿ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಎಲ್ಲರೂ ಮಾಡುವ ಹಾಗೆ ಮೊದಲು ಓದು, ಆಮೇಲೆ ಆಟ ಎಂದು ಇಟ್ಟುಕೊಂಡಿದ್ದೆ. 60–70 ಪುಟದ ಪೂರ್ತಿ ನಾಟಕ. ಅರ್ಧಕ್ಕೆ ಬರುವಷ್ಟರಲ್ಲಿ ಮೂರು ಜನರ ಪಾತ್ರ ಸತ್ತೋ ಊರು ಬಿಟ್ಟೋ ಹೋಗಿರುತ್ತಿತ್ತು. ಅವರು ಫೋನ್ ತೆಗೆಯುತ್ತಿದ್ದರು. ಉಳಿದವರು ಆಟ ಬೇಗ ಬರಲಿ ಎಂದು ಮಾತುಗಳನ್ನು ಓಡಿಸುತ್ತಿದ್ದರು. ಸರಿ, ತಿರುಗಿಸಿ ನೋಡೋಣ ಎಂದು ಮೊದಲು ಆಟ ಇಟ್ಟೆ. ಅದು ಇನ್ನೂ ಕೆಟ್ಟಿತು. ಕೂಗಾಡಿ ಗಂಟಲು ಕಟ್ಟಿಕೊಂಡವರ ಕೈಗೆ ಸ್ಕ್ರಿಪ್ಟ್ ಕೊಟ್ಟರೆ ಯಾರು ತಾನೇ ಓದುತ್ತಾರೆ? ಎರಡನ್ನೂ ಬೇರೆ ಬೇರೆ ಇಟ್ಟಷ್ಟು ದಿನ ಒಂದು ಇನ್ನೊಂದನ್ನು ತಿನ್ನುತ್ತಲೇ ಇತ್ತು.

ದುಡ್ಡಿನ ವಿಷಯ ಕೇಳಿ. ಶುರುವಿನಲ್ಲಿ ತಲೆಗೊಂದು ಪ್ರತಿ ಝೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ಕೊಟ್ಟೆ. ಒಟ್ಟು ಖರ್ಚಿನ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಮರುದಿನ ಅವೆಲ್ಲ ರದ್ದಿ. ಉಳಿದ ಕಾಲು ಪಾಲು ಟೋಪಿ, ಕನ್ನಡಕ, ಅಂಟುಮೀಸೆಗೆ. ಮೀಸೆ ಹತ್ತು ನಿಮಿಷ ನಗಿಸಿತು, ಆಮೇಲೆ ಬಾಯಿಗೆ ಬಂತು. ಖರ್ಚು ತಪ್ಪಿಸಲು ಫೋನಿಗೇ ಪಿಡಿಎಫ್ ಕಳಿಸಿದೆ. ಪುಕ್ಕಟೆ ನಿಜ. ಆದರೆ ಒಬ್ಬರ ಪರದೆ 8ನೇ ಪುಟದಲ್ಲಿ, ಇನ್ನೊಬ್ಬರದು 11ರಲ್ಲಿ. ನಡುವೆ ಮೆಸೇಜು. ಫೋನಿನಲ್ಲಿ ಓದಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಈಗ ಇಬ್ಬರಿಗೆ ಒಂದೇ ಪ್ರತಿ. ಉಳಿತಾಯಕ್ಕೆಂದು ಮಾಡಿದ್ದು, ಲಾಭ ಬೇರೆಯೇ ಸಿಕ್ಕಿತು. ಇಬ್ಬರು ಒಂದು ಹಾಳೆಯ ಮೇಲೆ ಬಗ್ಗಿ ಕೂತರೆ ಯಾರ ಮಾತು ಮುಂದಿನದು ಎಂದು ಒಬ್ಬರಾದರೂ ನೋಡುತ್ತಿರುತ್ತಾರೆ. ಮಾತು ಮಾತಿನ ನಡುವಿನ ಸತ್ತ ಮೌನ ಹೋಯಿತು. ಒಬ್ಬರಿಗೆ ನಗು ಬಂದರೆ ಪಕ್ಕದವರಿಗೂ ಬರುತ್ತದೆ. ಅಕ್ಷರ 16 ಪಾಯಿಂಟ್, ಹಾಳೆಯ ಒಂದೇ ಬದಿ, ಎಡಮೂಲೆಗೆ ಒಂದು ಪಿನ್. ಸ್ಕ್ರಿಪ್ಟ್ 12ರಿಂದ 14 ಪುಟ, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಸಿನಿಮಾ ಚಿತ್ರಕಥೆಗೆ ಒಂದು ಪುಟಕ್ಕೆ ಒಂದು ನಿಮಿಷ ಎನ್ನುವ ಲೆಕ್ಕವಿದೆ. ಮೊದಲೇ ನೋಡಿಕೊಳ್ಳದೆ ಓದುವ ನಮ್ಮಂಥವರಿಗೆ ಅದು ಹೊಂದುವುದಿಲ್ಲ. ನಗು, ತೊದಲು ಎಲ್ಲ ಸೇರಿ ಪುಟಕ್ಕೆ ಎರಡು ನಿಮಿಷದ ಹತ್ತಿರ ಹತ್ತಿರ ಬೇಕು. ಒಟ್ಟು ಖರ್ಚು ಮೊದಲಿನ ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಇದು ಅಂದಾಜು, ಚೀಟಿ ಹಿಡಿದು ಕೂಡಿಸಿದ ಲೆಕ್ಕ ಅಲ್ಲ.

ಇನ್ನು ಕೆಲಸ ಮಾಡಿದ ಕ್ರಮ. ಪಾತ್ರಗಳು ಚೀಟಿಯಲ್ಲಿ ಬರುತ್ತವೆ. ಗಂಡು ಹೆಣ್ಣು ವಯಸ್ಸು ಯಾವುದೂ ನೋಡುವುದಿಲ್ಲ. ನಾಲ್ಕು ಪುಟಕ್ಕೊಮ್ಮೆ ಚೀಟಿ ಮತ್ತೆ ಎತ್ತಬೇಕು. ಅಜ್ಜಿಯ ಪಾತ್ರ ಈಗ ದಪ್ಪ ದನಿಯ ಗೆಳೆಯನಿಗೆ ಹೋಗಿರುತ್ತದೆ, ಆದರೆ ಹಿಂದಿನವರು ಕೊಟ್ಟ ಕೆಮ್ಮನ್ನು ಆತ ಬಿಡುವ ಹಾಗಿಲ್ಲ. ಇದೇ ಮೊದಲ ಆಟ. ಹೀಗಾಗಿ ತನ್ನ ಮಾತು ಇಲ್ಲದಾಗಲೂ ಎಲ್ಲರೂ ಕಿವಿಗೊಡುತ್ತಾರೆ, ಮುಂದೆ ಅದು ಯಾರ ತಲೆಗೆ ಬೀಳುತ್ತದೋ ಗೊತ್ತಿಲ್ಲವಲ್ಲ! ನಾಚಿಕೆಯ ಸ್ವಭಾವದವರಿಗೆ ಮೊದಲ ಸುತ್ತಿನಲ್ಲಿ ಯಾವ ಚೀಟಿ ಸಿಗಬೇಕು ಎನ್ನುವುದಕ್ಕೆ ನನ್ನದೊಂದು ಕೈಚಳಕವಿದೆ. ಅದನ್ನು ಇಲ್ಲಿ ಬರೆದರೆ ನನ್ನ ಗುಂಪಿನವರೂ ಓದಿಬಿಡುತ್ತಾರೆ, ಆದ್ದರಿಂದ ಇಲ್ಲ.

ಎರಡನೆಯದು ಕಳ್ಳಪದ. 8 ಜನರಲ್ಲಿ ಇಬ್ಬರಿಗೆ ಗುಟ್ಟಾಗಿ ಒಂದೊಂದು ಪದ ಕೊಡುತ್ತೇನೆ. "ಬಕೆಟ್", "ಜಿರಾಫೆ", ಹೀಗೆ. ಅದನ್ನು ತಮ್ಮ ಮಾತಿನೊಳಗೆ ಅನುಮಾನ ಬಾರದಂತೆ ಸೇರಿಸಿ ಓದಬೇಕು. ಹಿಡಿದವರು ಚಪ್ಪಾಳೆ ತಟ್ಟುತ್ತಾರೆ. ಸುಮ್ನೆ ತಟ್ಟಿದರೆ ಒಂದು ಸುತ್ತು ರಂಗಸೂಚನೆ ಓದುವ ಶಿಕ್ಷೆ. ಇದನ್ನು ನಾನು ಕಟ್ಟಿದ್ದು, ಗುಂಪಿನೊಳಗೆ ಅಡಗಿ ಕೂತವರನ್ನು ಪತ್ತೆಹಚ್ಚುವ ಮಾಫಿಯಾ ಆಟದಿಂದ. 1986ರಲ್ಲಿ ಮಾಸ್ಕೋದಲ್ಲಿ ದಿಮಿತ್ರಿ ದವಿದೋವ್ ಎಂಬ ಮನಶ್ಶಾಸ್ತ್ರದ ವಿದ್ಯಾರ್ಥಿ ಹುಟ್ಟುಹಾಕಿದ ಆಟ ಅದು. ಅದರ ಜೀವ ಇರುವುದೇ ಗುಟ್ಟು ಗೊತ್ತಿರುವ ಕೆಲವೇ ಜನ, ಗೊತ್ತಿಲ್ಲದ ಬಹಳ ಜನ ಎನ್ನುವುದರಲ್ಲಿ. ಅದನ್ನೇ ಹಾಳೆಗೆ ತಂದೆ. ಮಾಫಿಯಾದಲ್ಲಿ ಔಟ್ ಆದವರು ಗೋಡೆಗೆ ಒರಗಿ ಕೂರಬೇಕು, ನನಗೆ ಮೊದಲಿನಿಂದಲೂ ಅದು ಹಿಡಿಸಿಲ್ಲ. ಇಲ್ಲಿ ಯಾರೂ ಔಟ್ ಆಗುವುದಿಲ್ಲ. ಒಮ್ಮೆ ಎಲ್ಲರಿಗೂ ಕಳ್ಳಪದ ಕೊಟ್ಟು ನೋಡಿದೆ. ಕತೆಯೇ ಉಳಿಯಲಿಲ್ಲ, ಪ್ರತಿ ಸಾಲಿಗೂ ಚಪ್ಪಾಳೆ. ಇಬ್ಬರು ಸಾಕು. ಹತ್ತು ಹನ್ನೆರಡು ಜನ ಇದ್ದರೆ ಮೂವರು.

ಮೂರನೆಯದು ಗೆಲ್ಲಿಸಿದ್ದು. ಕೊನೆಯ ಎರಡು ಪುಟವನ್ನು ಯಾರಿಗೂ ಕೊಡುವುದಿಲ್ಲ. ಕತೆ ಬಿಗಿಯಾದ ಜಾಗದಲ್ಲಿ ಹಾಳೆ ಮುಗಿದುಹೋಗುತ್ತದೆ. ಎರಡು ತಂಡ, ತಲಾ ಹತ್ತು ನಿಮಿಷ. ತಮಗೆ ತೋಚಿದ ಮುಕ್ತಾಯವನ್ನು ಎದ್ದುನಿಂತು ಆಡಿ ತೋರಿಸಬೇಕು. ಒಂದು ತಂಡ ಮಾತಾಡಬಹುದು. ಇನ್ನೊಂದು ಡಂಬ್ ಷರಾಡ್ಸ್‌ನಂತೆ ಮೂಕವಾಗಿ ಮಾಡಬೇಕು, ಎದುರಿನವರು ಏನಾಯಿತೆಂದು ಹೇಳಬೇಕು. ಅದಾದ ಮೇಲೆ ನಿಜವಾದ ಎರಡು ಪುಟ ಹೊರಗೆ ಬರುತ್ತವೆ. ಅರ್ಧ ಗಂಟೆ ಆಟ ಆಡಿ ಬಂದ ಜನ ಆ ಎರಡು ಪುಟವನ್ನು ಎಷ್ಟು ಗಮನವಿಟ್ಟು ಕೇಳುತ್ತಾರೆ ಅಂದರೆ, ಓದು ಕೆಡುತ್ತೆ ಎಂದಿದ್ದ ಗೆಳೆಯರೇ "ಇನ್ನೊಂದು ಸಲ ಓದೋಣ" ಅಂದರು. ನಿಜ ಹೇಳಬೇಕೆಂದರೆ ಆ ಸಂಜೆ ನಾನು ಸ್ವಲ್ಪ ಬೀಗಿದೆ. ಎಲ್ಲ ಸ್ಕ್ರಿಪ್ಟಿಗೂ ಇದು ಆಗುವುದಿಲ್ಲ. ಗುಟ್ಟೊಂದು ಬಯಲಾಗುವ ಕತೆ ಬೇಕು. ಮಾತಿನ ಚಂದದ ಮೇಲೆ ನಿಂತ ನಾಟಕವಾದರೆ ಯಾವ ಪುಟ ಬಚ್ಚಿಟ್ಟರೂ ಯಾರೂ ಕೇಳುವುದಿಲ್ಲ.

ದಾರಿಯಲ್ಲಿ ಮಾಡಿ ನೋಡಿದ ಕೆಲವು ಕಿತಾಪತಿಗಳಿವೆ. ಒಂದು ದೃಶ್ಯವನ್ನು ಅರ್ಥವಿಲ್ಲದ ಭಾಷೆಯಲ್ಲಿ ಓದಿಸಿದೆ. ಅಮೆರಿಕದ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ ಅವರ ರಂಗ ಆಟಗಳಲ್ಲಿ ಇದೊಂದು ಹಳೆಯ ಅಭ್ಯಾಸ. ಎರಡು ನಿಮಿಷ ಭರ್ಜರಿ, ಮೂರನೆಯ ನಿಮಿಷಕ್ಕೆ ಸಾಕಪ್ಪಾ ಅನ್ನಿಸುತ್ತದೆ. ಕಾಗದ ಮಡಚಿ, ಹಿಂದಿನವರು ಬರೆದದ್ದು ಕಾಣದಂತೆ ಮುಂದಿನ ಮಾತು ಬರೆಯುವ ಆಟವನ್ನೂ ತಂದೆ. 1925ರ ಸುಮಾರಿಗೆ ಪ್ಯಾರಿಸ್‌ನ ಸರ್ರಿಯಲಿಸ್ಟರು, ಅಂದರೆ ಕನಸಿನಂಥ ವಿಚಿತ್ರವನ್ನು ಬರೆದು ಬಿಡಿಸುತ್ತಿದ್ದ ಕವಿ ಕಲಾವಿದರು, ಆಡುತ್ತಿದ್ದದ್ದು ಇಂಥದ್ದನ್ನೇ. ಅವರ ಕೈಬರಹ ಹೇಗಿತ್ತೋ, ನಮ್ಮವರದನ್ನು ಓದಲು ಇನ್ನೊಂದು ಸಂಜೆ ಬೇಕಾಯಿತು. ದೀಪ ಆರಿಸಿ ಟಾರ್ಚ್ ಬೆಳಕಿನಲ್ಲಿ ದೆವ್ವದ ಕತೆ ಓದಿಸಿದ್ದು ಮಾತ್ರ ಒಳ್ಳೆಯ ಫಲ ಕೊಟ್ಟಿತು, ಆದರೆ ಅಲ್ಲಿ ನಡುವೆ ಆಟ ಹಾಕಬಾರದು, ಹೆದರಿಕೆ ಒಡೆದುಹೋಗುತ್ತದೆ.

ಇಸ್ಪೀಟು ಎಲೆಯದು ಬೇರೆ ಕತೆ. ಪ್ರತಿಯೊಬ್ಬರ ಹಣೆಗೆ ಒಂದು ಎಲೆ, ಅವರಿಗೇ ಕಾಣದಂತೆ. ರಾಜ ಇದ್ದವರಿಗೆ ಎಲ್ಲರೂ ಬಗ್ಗಿ ಮಾತಾಡಬೇಕು, ದುಗ್ಗಿ (ಎರಡರ ಎಲೆ) ಇದ್ದವರನ್ನು ಕಡೆಗಣಿಸಬೇಕು. ರಂಗಶಿಕ್ಷಕ ಕೀತ್ ಜಾನ್‌ಸ್ಟನ್ ಅವರ 'ಸ್ಟೇಟಸ್' (ಪಾತ್ರಗಳ ನಡುವಿನ ಮೇಲು ಕೀಳು) ಅಭ್ಯಾಸಗಳು ಗೊತ್ತಿದ್ದವರಿಗೆ ಇದು ಹೊಸದಲ್ಲ. ಅದೇ ದೃಶ್ಯ, ಅದೇ ಮಾತು, ಎಲೆ ಬದಲಾದರೆ ಯಜಮಾನನೇ ಕೆಲಸದಾಳಿನ ಮುಂದೆ ಗೋಗರೆಯುತ್ತಿರುತ್ತಾನೆ. ನನ್ನ ಪ್ರಕಾರ ಇಡೀ ಸಂಜೆಗೆ ಒಂದೇ ಆಟ ಇಡಿ ಅಂದರೆ ಇದನ್ನೇ ಇಡುತ್ತೇನೆ. ಎಲೆ ಬೀಳದ ಹಾಗೆ ಹಣೆಗೆ ನಿಲ್ಲಿಸಲು ಅಂಟುಟೇಪು ಬೇಡ, ಕಿತ್ತಾಗ ಹುಬ್ಬಿನ ಕೂದಲೂ ಬರುತ್ತದೆ. ರಬ್ಬರ್ ಪಟ್ಟಿ ಸಾಕು.

ಬಹುಮಾನ ಇಡಬೇಡಿ. ಒಮ್ಮೆ ಸ್ವಲ್ಪ ಜೋರಾಗಿಯೇ ಖರ್ಚು ಮಾಡಿ ಇಟ್ಟಿದ್ದೆ. ಅಲ್ಲಿಯವರೆಗೆ ನಗುತ್ತಿದ್ದವರು ಅಂಕ ಎಣಿಸಲು ಕೂತರು, ಕಳ್ಳಪದ ಹಿಡಿದದ್ದು ಯಾರು ಮೊದಲು ಎಂದು ಕಾಲು ಗಂಟೆ ವಾದ. ಈಗ ಗೆದ್ದ ತಂಡಕ್ಕೆ ಮುಂದಿನ ಸ್ಕ್ರಿಪ್ಟ್ ಆರಿಸುವ ಹಕ್ಕು, ಅಷ್ಟೇ. ಖರ್ಚೂ ಇಲ್ಲ, ಮುಂದಿನ ಸಲಕ್ಕೆ ಸ್ಕ್ರಿಪ್ಟ್ ಹುಡುಕುವ ತಲೆನೋವೂ ನನ್ನದಲ್ಲ.

ಜನ 7ಕ್ಕಿಂತ ಕಡಿಮೆಯಾದರೆ ಕಳ್ಳಪದ ಸಪ್ಪೆಯಾಗುತ್ತದೆ, 12 ದಾಟಿದರೆ ಮೂಲೆಯಲ್ಲಿ ಇನ್ನೊಂದು ಸಭೆ ಶುರುವಾಗುತ್ತದೆ. ತಿನ್ನುವುದು ಕುಡಿಯುವುದು ಚೀಟಿ ಬದಲಿಸುವ ಹೊತ್ತಿಗೆ ಮಾತ್ರ, ಬಾಯಿ ತುಂಬಿದವರಿಂದ ಮಾತು ಹೊರಡುವುದಿಲ್ಲ. ಎಲ್ಲ ಸೇರಿ ಎರಡೂವರೆ ಗಂಟೆಗೆ ಮುಗಿಸುತ್ತೇನೆ, "ಇನ್ನೂ ಒಂದು" ಎಂದು ಎಷ್ಟೇ ಗಲಾಟೆ ಮಾಡಿದರೂ ಸರಿ. ಸದ್ಯ ಒಂದೇ ಸ್ಕ್ರಿಪ್ಟನ್ನು ಎರಡು ಕೋಣೆಯಲ್ಲಿ ಎರಡು ಗುಂಪಿಗೆ ಓದಿಸಿ, ಕೊನೆಗೆ ಎದುರುಬದುರು ಕೂರಿಸುವ ಪ್ರಯತ್ನದಲ್ಲಿದ್ದೇನೆ. ಗೋಡೆ ತೆಳುವಾಗಿದ್ದರೆ ಪಕ್ಕದ ಕೋಣೆಯ ನಗು ಈ ಕಡೆಯ ಕತೆ ಕೆಡಿಸುತ್ತಿದೆ, ಅದಕ್ಕೊಂದು ದಾರಿ ಇನ್ನೂ ಸಿಕ್ಕಿಲ್ಲ.