ಬಿಸಿಲುನಾಡಿನಲ್ಲಿ ಮನೆಯಿಂದ ಕೆಲಸ: ಕೋಣೆ, ಕರೆಂಟು, ಹೊತ್ತು ಮತ್ತು ಮೈ

ರಾಯಚೂರು, ಬಳ್ಳಾರಿ, ಕೊಪ್ಪಳ ಸೇರಿದಂತೆ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಪದ್ಧತಿ ಬಹುಕಾಲದಿಂದ ಇದೆ. ಬೆಂಗಳೂರು, ಹೈದರಾಬಾದಿನ ಕಂಪನಿಗಳಿಗೆ ಇಲ್ಲಿಯ ಮನೆಗಳಲ್ಲೇ ಕುಳಿತು ದುಡಿಯುತ್ತಿರುವವರಿಗೆ ಅಂಥ ಆದೇಶವನ್ನು ಯಾರೂ ಹೊರಡಿಸುವುದಿಲ್ಲ. ಅದನ್ನು ಅವರೇ ತಮಗಾಗಿ ಹೊರಡಿಸಿಕೊಳ್ಳಬೇಕು. ಮನೆಯಿಂದ ಕೆಲಸ ಮಾಡುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಂಪು ಊರುಗಳಿಗೆ ಹೊಂದುವಂಥವು. ಮಧ್ಯಾಹ್ನ 40 ಡಿಗ್ರಿ ದಾಟುವ ಊರಿನಲ್ಲಿ ಕೆಲಸದ ಶಿಸ್ತು ಕೋಣೆಯ ಆಯ್ಕೆಯಿಂದಲೇ ಶುರುವಾಗುತ್ತದೆ.

ಮನೆಯಲ್ಲಿ ಯಾವ ಕೋಣೆ ಎಷ್ಟು ಹೊತ್ತಿಗೆ ಕಾಯುತ್ತದೆ ಎಂಬುದನ್ನು ಒಂದು ದಿನ ಪೂರ್ತಿ ಗಮನಿಸಿ. ಪಶ್ಚಿಮದ ಗೋಡೆ ಮಧ್ಯಾಹ್ನದ ಬಿಸಿಲನ್ನೆಲ್ಲ ಹೀರಿಕೊಂಡು ಸಂಜೆಯಾದ ಮೇಲೂ ಝಳ ಬಿಡುತ್ತಿರುತ್ತದೆ; ಕಾಂಕ್ರೀಟ್ ಚಾವಣಿಯ ಮೇಲ್ಮಹಡಿಯದೂ ಇದೇ ಕಥೆ. ಆದ್ದರಿಂದ ನೆಲಮಹಡಿಯ ಉತ್ತರದ ಅಥವಾ ಪೂರ್ವದ ಕೋಣೆ ಕೆಲಸಕ್ಕೆ ಸೂಕ್ತ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಇರುವ ಹಳೆಯ ಮನೆಯೇ ಊರಲ್ಲಿ ಉಳಿದಿದ್ದರೆ, ಅದರ ಪಡಸಾಲೆಗಿಂತ ಒಳ್ಳೆಯ ಕಚೇರಿ ಮತ್ತೊಂದಿಲ್ಲ. ಹೊಸ ಮನೆಯವರು ಬೇಸಿಗೆಗೆ ಮುನ್ನ ಚಾವಣಿಗೆ ಸುಣ್ಣ ಅಥವಾ ಬಿಸಿಲನ್ನು ಹಿಂದಿರುಗಿಸುವ ಬಿಳಿ ಬಣ್ಣ ಹೊಡೆಸಿದರೆ ಕೆಳಗಿನ ಕೋಣೆಯ ಸೆಕೆ ಗೊತ್ತಾಗುವಷ್ಟು ಇಳಿಯುತ್ತದೆ. ಬೆಳಗಿನ ಜಾವ ಕಿಟಕಿಗಳನ್ನೆಲ್ಲ ತೆರೆದು ತಂಪನ್ನು ಒಳಗೆ ಬಿಟ್ಟುಕೊಂಡು, ಬಿಸಿಲು ಏರುವ ಮೊದಲೇ ಬಿಸಿಲು ಬೀಳುವ ಕಡೆಯ ಕಿಟಕಿಗಳನ್ನು ಮುಚ್ಚಿ ಪರದೆ ಎಳೆಯಬೇಕು.

ಉಷ್ಣಾಂಶ 40 ಡಿಗ್ರಿಗಿಂತ ಕಡಿಮೆ ಇರುವಾಗ ಮಾತ್ರ ಫ್ಯಾನ್ ಬಳಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕೂ ಮೇಲೆ ಫ್ಯಾನ್ ಬಿಸಿ ಗಾಳಿಯನ್ನೇ ಮೈಗೆ ಎರಚುತ್ತದೆ. ನಮ್ಮ ಒಣಹವೆಗೆ ನೀರಿನ ಕೂಲರ್ ಚೆನ್ನಾಗಿ ಒಗ್ಗುತ್ತದೆ, ಆದರೆ ಅದನ್ನು ಕಿಟಕಿಗೆ ಕೂರಿಸಿ ಹೊರಗಿನ ಗಾಳಿ ಎಳೆಯುವಂತೆ ಮಾಡಿ, ಎದುರಿನ ಕಿಟಕಿ ಅಥವಾ ಬಾಗಿಲನ್ನು ಸ್ವಲ್ಪ ತೆರೆದಿಡಬೇಕು. ಎಲ್ಲವನ್ನೂ ಮುಚ್ಚಿದರೆ ಕೋಣೆಯಲ್ಲಿ ತೇವ ತುಂಬಿ ಮೈ ಜಿಗುಟಾಗುತ್ತದೆಯೇ ಹೊರತು ತಂಪು ಹುಟ್ಟುವುದಿಲ್ಲ. ಕೂಲರಿನ ಗಾಳಿ ನೇರವಾಗಿ ಮುಖಕ್ಕೆ ಬಡಿದರೆ ಲ್ಯಾಪ್‌ಟಾಪ್ ಪರದೆ ನೋಡಿ ದಣಿದ ಕಣ್ಣು ಇನ್ನಷ್ಟು ಒಣಗುತ್ತದೆ; ಕೂಲರನ್ನು ಪಕ್ಕಕ್ಕೆ ತಿರುಗಿಸಿ. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಒಳಗೋಡೆ ತಿಕ್ಕಿ ಒಣಗಿಸುವುದನ್ನು ಮಾತ್ರ ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನ ಅಂಚಿನಲ್ಲೇ ಮೊಟ್ಟೆ ಇಡುತ್ತದೆ, ಹಗಲಿನಲ್ಲೇ ಕಚ್ಚುತ್ತದೆ. ಇಡೀ ಹಗಲು ಒಂದೇ ಕೋಣೆಯಲ್ಲಿ ಕೂರುವವರು ಅದಕ್ಕೆ ಸುಲಭದ ತುತ್ತು.

ಇನ್ನು ಕರೆಂಟು. ಶಕ್ತಿನಗರ, ಕುಡತಿನಿಗಳಲ್ಲಿ ವಿದ್ಯುತ್ ಹುಟ್ಟುವ ಜಿಲ್ಲೆಗಳು ನಮ್ಮವು. ಆದರೂ ನಿರ್ವಹಣೆಗೆಂದೋ ಗಾಳಿಮಳೆಗೆಂದೋ ಲೈನು ಹೋಗುವುದು ತಪ್ಪಿಲ್ಲ. ಇನ್ವರ್ಟರ್ ಕೊಳ್ಳುವ ಮೊದಲು ಲೆಕ್ಕ ಹಾಕಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ. ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಬ್ಯಾಟರಿಯನ್ನು ತಳ ಕಾಣುವವರೆಗೆ ಬಳಸಬಾರದೆಂಬ ನಿಯಮವನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 1000. ಲ್ಯಾಪ್‌ಟಾಪ್‌ಗೆ 60 ವ್ಯಾಟ್, ರೂಟರ್‌ಗೆ 10, ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30 ಎಂದಿಟ್ಟುಕೊಂಡರೆ ಒಟ್ಟು 100 ವ್ಯಾಟ್, ಅಂದರೆ ಹತ್ತು ತಾಸಿನ ಕೆಲಸ ನಡೆಯುತ್ತದೆ. ಅದೇ 75 ವ್ಯಾಟಿನ ಹಳೆಯ ಫ್ಯಾನ್ ಇದ್ದರೆ ಏಳು ತಾಸಿಗೆ ಇಳಿಯುತ್ತದೆ. ಕೂಲರನ್ನೂ ಅದಕ್ಕೇ ಜೋಡಿಸಿದರೆ ಮೂರು ತಾಸು ದಾಟುವುದು ಕಷ್ಟ. ಹೀಗಾಗಿ ದೊಡ್ಡ ಬ್ಯಾಟರಿಗೆ ಹಣ ಸುರಿಯುವ ಬದಲು ಕೆಲಸದ ಕೋಣೆಯ ಫ್ಯಾನ್ ಬದಲಿಸುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ. ಇನ್ವರ್ಟರ್ ಇಲ್ಲದವರು ರೂಟರಿಗೆ ಮಾತ್ರ ಒಂದು ಚಿಕ್ಕ ಯುಪಿಎಸ್ ಕೊಂಡರೂ, ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಮೀಟಿಂಗ್ ಮಧ್ಯೆ ಕಡಿದುಹೋಗುವುದಿಲ್ಲ. ಬಹುತೇಕ ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿವರೆಗಿನ ಹವೆಗೆ ರೂಪಿಸಿರುತ್ತಾರೆ. ಹಾಸಿಗೆಯ ಮೇಲಿಟ್ಟು ಅದರ ಉಸಿರುಗಂಡಿ ಮುಚ್ಚಬೇಡಿ, ಕಾರ್ಖಾನೆ, ಗಣಿಗಳಿರುವ ಗಿಣಿಗೇರಾ, ಸಂಡೂರಿನ ಕಡೆಯವರು ಧೂಳನ್ನು ಆಗಾಗ ತೆಗೆಸುತ್ತಿರಿ.

ಹೊತ್ತಿನ ವಿಚಾರದಲ್ಲಿ ಮೇಲಧಿಕಾರಿಯೊಂದಿಗೆ ಮಾರ್ಚ್ ತಿಂಗಳಲ್ಲೇ ಮಾತನಾಡಿ. ತಲೆ ಓಡಬೇಕಾದ ಕೆಲಸ, ಅಂದರೆ ಬರೆಯುವುದು, ಲೆಕ್ಕ ನೋಡುವುದು, ಕೋಡ್ ಮಾಡುವುದು, ಬೆಳಿಗ್ಗೆ 6ರಿಂದ 11ರ ಒಳಗೆ ಮುಗಿಯುವಂತಿರಲಿ. ಮೀಟಿಂಗ್, ಇಮೇಲ್‌ಗಳಂಥ ಹಗುರ ಕೆಲಸಗಳನ್ನು ನಂತರಕ್ಕೆ ಇಟ್ಟುಕೊಂಡು, ಮಧ್ಯಾಹ್ನ 2ರಿಂದ 4ರವರೆಗೆ ಸಾಧ್ಯವಾದರೆ ಪೂರ್ತಿ ಬಿಡುವು ಪಡೆದು, ಸಂಜೆ ಉಳಿದದ್ದನ್ನು ತೀರಿಸಬಹುದು. ಇದನ್ನು ರಿಯಾಯಿತಿ ಎಂಬಂತೆ ಬೇಡಬೇಕಾಗಿಲ್ಲ. ಕೆಲಸದ ಗುಣಮಟ್ಟದ ಕಾರಣಕ್ಕೇ ಕೇಳುತ್ತಿದ್ದೇನೆಂದು ನೇರವಾಗಿ ಬರೆದು ತಿಳಿಸಿ. ಒಪ್ಪದಿದ್ದರೆ, ಕನಿಷ್ಠ ಕಠಿಣ ಕೆಲಸಕ್ಕೆ ಆ ಎರಡು ತಾಸನ್ನು ಇಟ್ಟುಕೊಳ್ಳದಿರುವುದು ನಿಮ್ಮ ಕೈಯಲ್ಲೇ ಇದೆ.

ಕೂರುವ ಬಗೆಗೆ ಹೆಚ್ಚು ಖರ್ಚು ಬೇಡ. ಮಂಚದ ಮೇಲೆ ಬಾಗಿ ಕೆಲಸ ಮಾಡುವ ಅಭ್ಯಾಸವನ್ನು ಬಿಟ್ಟು, ಊಟದ ಮೇಜಿನ ಮೇಲೆ ನಾಲ್ಕು ದಪ್ಪ ಪುಸ್ತಕಗಳನ್ನಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ, ಬೇರೆ ಕೀಬೋರ್ಡ್ ಜೋಡಿಸಿದರೆ ಸಾಕು. ಮೊಣಕೈ ಲಂಬಕೋನದಲ್ಲಿ ಮಡಚಿರಲಿ, ಪಾದ ನೆಲಕ್ಕೆ ಊರಿರಲಿ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿದರೆ ಕಣ್ಣಿನ ಬಿಗಿತ ಸಡಿಲವಾಗುತ್ತದೆ.

ಬಾಯಾರಿಕೆಗೆ ಕಾಯದೆ ಮೇಜಿನ ಮೇಲೆ ತಂಬಿಗೆ ನೀರಿಟ್ಟುಕೊಂಡು ಆಗಾಗ ಕುಡಿಯಿರಿ. ಹನ್ನೊಂದರ ಚಹಾದ ಜಾಗಕ್ಕೆ ಮಜ್ಜಿಗೆ ಬರಲಿ. ಬೆವರಿ ಸುಸ್ತಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕುಡಿಯಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿ ಕುಡಿಯಬೇಕು. ಗಂಗಾವತಿ, ಸಿಂಧನೂರಿನ ಸೋನಾಮಸೂರಿ ಅನ್ನವನ್ನು ಮಧ್ಯಾಹ್ನ ಹೊಟ್ಟೆ ಬಿರಿಯುವಂತೆ ಉಂಡವರು ಮೂರು ಗಂಟೆಯ ಮೀಟಿಂಗಿನಲ್ಲಿ ಎಚ್ಚರವಾಗಿರುವುದು ಕಷ್ಟ. ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಒಂದಿಷ್ಟು ಅನ್ನ ಉಂಡರೆ ಹೊಟ್ಟೆ ತುಂಬಿರುತ್ತದೆ, ತಲೆಯೂ ಹಗುರವಾಗಿರುತ್ತದೆ. ಸಂಜೆಯ ಒಗ್ಗರಣೆ-ಮಿರ್ಚಿಯನ್ನು ವಾರದಲ್ಲಿ ಒಂದೆರಡು ದಿನಕ್ಕೆ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಕಷ್ಟದ್ದು ಮನೆಯವರಿಗೆ ತಿಳಿಸಿ ಹೇಳುವುದು. ಹೇಗೂ ಮನೆಯಲ್ಲೇ ಇದ್ದೀಯಲ್ಲ ಎಂಬ ಮಾತಿನಿಂದಲೇ ಗ್ಯಾಸ್ ಬುಕ್ ಮಾಡುವುದು, ಬ್ಯಾಂಕಿಗೆ ಹೋಗುವುದು, ಬಂದ ಬೀಗರನ್ನು ಮಾತನಾಡಿಸುವುದು ಎಲ್ಲವೂ ಒಬ್ಬರ ಮೇಲೆ ಬೀಳುತ್ತದೆ. ಮುಖ್ಯವಾಗಿ ಮನೆಯಿಂದ ದುಡಿಯುವ ಹೆಣ್ಣುಮಕ್ಕಳು ರೊಟ್ಟಿ ಬಡಿದು, ಮಕ್ಕಳನ್ನು ಅಣಿಗೊಳಿಸಿ, ಆಮೇಲೆ ಎಂಟು ತಾಸು ಪರದೆಯ ಮುಂದೆ ಕೂರುತ್ತಾರೆ. ಇದು ಅನ್ಯಾಯ, ಯಾವ ಸಮಯಪಾಲನೆಯ ಸೂತ್ರವೂ ಇದನ್ನು ಸರಿಪಡಿಸಲಾರದು. ಯಾವ ಹೊತ್ತಿನಲ್ಲಿ ಯಾರು ಒಲೆಯ ಮುಂದೆ, ಯಾರು ಮಕ್ಕಳ ಜೊತೆ ಎಂಬುದನ್ನು ಭಾನುವಾರವೇ ಕುಳಿತು ಹಂಚಿಕೊಂಡು, ಕೆಲಸದ ವೇಳೆಯನ್ನು ಎಲ್ಲರಿಗೂ ಕಾಣುವಂತೆ ಕ್ಯಾಲೆಂಡರಿನ ಮೇಲೆ ಬರೆದಿಡಿ.

ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಚುರುಕು ನಡಿಗೆಯಂಥ ವ್ಯಾಯಾಮ ವಯಸ್ಕರಿಗೆ ಬೇಕು. ಬೇಸಿಗೆಯಲ್ಲಿ ಅದು ಸೂರ್ಯೋದಯಕ್ಕೆ ಮುಂಚೆ ಆಗಬೇಕು: ರಾಯಚೂರಿನವರಿಗೆ ಮಾವಿನಕೆರೆಯ ಸುತ್ತ, ಕೊಪ್ಪಳದವರಿಗೆ ಗವಿಮಠದ ಕಡೆ, ಬಳ್ಳಾರಿಯವರಿಗೆ ಕೋಟೆ ಗುಡ್ಡದ ಬುಡದಲ್ಲಿ. ಅದಕ್ಕೆ ರಾತ್ರಿ ಬೇಗ ಮಲಗಬೇಕು. ಕೋಣೆ ಕಾದಿದ್ದರೆ ಮಾಳಿಗೆಯ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗಿ, ಫೋನನ್ನು ಕೆಳಗೇ ಬಿಟ್ಟು ಹೋಗಿ. ಕೆಲಸದ ನಡುವೆ ತಲೆನೋವು, ತಲೆಸುತ್ತು, ಸ್ನಾಯು ಸೆಳೆತ ಕಂಡರೆ ಮೀಟಿಂಗ್ ಬಿಟ್ಟು ತಂಪಾದ ಜಾಗದಲ್ಲಿ ಮಲಗಿ ನೀರು ಕುಡಿಯಿರಿ. ಮೈ ಕೆಂಡದಂತಾಗಿ ಮಾತು ತೊದಲಿದರೆ ಅಥವಾ ಮಂಕು ಕವಿದರೆ ಅದು ಬಿಸಿಲಾಘಾತವಿರಬಹುದು. ಮನೆಯವರು ತಕ್ಷಣ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರಬೇಕು.